ಓಂಬ್ಳೆ ಪ್ರಾಣ ಕೊಟ್ಟು ಹಿಡಿದದ್ದು ಏನನ್ನು?

ನವೆಂಬರ್ 26 ಬಂತೆಂದರೆ ಮುಂಬೈ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತುಕಾರಾಮ್ ಓಂಬ್ಳೆಯವರ ಫೋಟೋ ಹರಿದಾಡುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಬೆನ್ನಿಗೇ ಬರುವ ಮಾತಿಗೆ: ಕಸಬ್‌ನನ್ನು ಅಲ್ಲೇ ಮುಗಿಸಬೇಕಿತ್ತು, ನಾಲ್ಕು ವರ್ಷ ಬಿರಿಯಾನಿ ತಿನ್ನಿಸಿ ಸಾಕಿದೆವು ಎಂಬ ಮಾತು. ಎಷ್ಟೋ ಸಲ ಎರಡನ್ನೂ ಕಳಿಸುವವರು ಒಬ್ಬರೇ. ಓಂಬ್ಳೆಯವರನ್ನು ಹೊಗಳಿ, ಅವರು ಹಿಡಿದುಕೊಟ್ಟವನನ್ನು ಕೋರ್ಟಿಗೆ ಒಯ್ದದ್ದೇ ತಪ್ಪು ಅನ್ನುವುದು ಹೇಗೆ ಸಾಧ್ಯ?

ಆ ರಾತ್ರಿ ನಡೆದದ್ದನ್ನು ನೆನಪಿಸಿಕೊಳ್ಳಿ. ಸಿಎಸ್‌ಟಿಯಲ್ಲಿ ಜನರನ್ನು ಕೊಂದ ಇಬ್ಬರು, ಕಾಮಾ ಆಸ್ಪತ್ರೆಯ ಬಳಿ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಅವರನ್ನೂ ಬಲಿ ತೆಗೆದುಕೊಂಡಿದ್ದರು. ಕದ್ದ ಸ್ಕೋಡಾ ಕಾರಿನಲ್ಲಿ ಬಂದ ಅವರನ್ನು ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸರು ತಡೆದರು. ಕಾರು ಓಡಿಸುತ್ತಿದ್ದವನು ಪೊಲೀಸರ ಗುಂಡಿಗೆ ಸತ್ತ. ಉಳಿದವನು ಕಸಬ್. ಸೈನ್ಯದಲ್ಲಿದ್ದು ಆಮೇಲೆ ಪೊಲೀಸ್ ಸೇರಿದ್ದ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಓಂಬ್ಳೆಯವರ ಬಳಿ ಇದ್ದದ್ದು ಬರೀ ಲಾಠಿ. ಅವರು ಎಕೆ-47ರ ನಳಿಗೆಯನ್ನೇ ಹಿಡಿದುಕೊಂಡರು. ಗುಂಡುಗಳು ಮೈಹೊಕ್ಕರೂ ಬಿಡಲಿಲ್ಲ. ಜೊತೆಯವರು ಕಸಬ್‌ನನ್ನು ಜೀವಂತ ಹಿಡಿದರು. 2009ರಲ್ಲಿ ಓಂಬ್ಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಬಂತು.

ಹತ್ತು ಮಂದಿ ದಾಳಿಕೋರರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ. ಮೊದಲು ನಿರಾಕರಿಸುತ್ತಿದ್ದ ಪಾಕಿಸ್ತಾನ, 2009ರ ಜನವರಿಯಲ್ಲಿ ಅವನು ತನ್ನ ಪ್ರಜೆ ಎಂದು ಒಪ್ಪಬೇಕಾಯಿತು. ಹೆಣ ಮಾತಾಡುವುದಿಲ್ಲ.

ನಾನು ಐಟಿ ಪ್ರಾಜೆಕ್ಟ್ ನಡೆಸುವವನು. ನಡುರಾತ್ರಿ ಸರ್ವರ್ ಬಿದ್ದರೆ ನಮ್ಮಲ್ಲಿ ಮೊದಲು ಹೇಳುವುದು, ಲಾಗ್ ಅಳಿಸಬೇಡಿ ಅಂತ. ಲಾಗ್ ಅಳಿಸಿ, ರೀಸ್ಟಾರ್ಟ್ ಮಾಡಿ, 'ಸರಿಹೋಯ್ತು ಸರ್' ಎಂದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಗಲೆಲ್ಲ ಹೀಗೆ ಕೆಲಸ ಮಾಡುವ ನಾವೇ ಸಂಜೆ ಎನ್‌ಕೌಂಟರ್ ಸುದ್ದಿಗೆ ಲೈಕ್ ಒತ್ತುತ್ತೇವೆ.

ಇನ್ನು ಬಿರಿಯಾನಿ. ಆ ಕಥೆ ತಾನೇ ಕಟ್ಟಿದ್ದು ಎಂದು ಸರ್ಕಾರಿ ವಕೀಲರಾಗಿದ್ದ ಉಜ್ವಲ್ ನಿಕಮ್ ಅವರೇ 2015ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಆ ನಾಲ್ಕು ವರ್ಷಗಳಲ್ಲಿ ನಿಜವಾಗಿ ನಡೆದದ್ದು ವಿಚಾರಣೆ. 2010ರ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಲಯ ಮರಣದಂಡನೆ ವಿಧಿಸಿತು. 2011ರಲ್ಲಿ ಹೈಕೋರ್ಟ್, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದವು. ಆ ವರ್ಷದ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ಅದೇ ಪ್ರಕರಣದಲ್ಲಿ ಆರೋಪಿಗಳಾಗಿದ್ದ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ಇದೇ ನ್ಯಾಯಾಲಯಗಳು ಬಿಟ್ಟವು. ಅಲ್ಲೇ ಮುಗಿಸುವ ನ್ಯಾಯದಲ್ಲಿ ಅವರೂ ಮುಗಿದಿರುತ್ತಿದ್ದರು.

ಹೈದರಾಬಾದಿನ ಗೆಳೆಯರಿಗೆ 2019ರ ಡಿಸೆಂಬರ್ ನೆನಪಿರಬೇಕು. ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ವಶದಲ್ಲಿದ್ದಾಗಲೇ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಸುರಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ ವರದಿ ಕೊಟ್ಟಿತು. ಅದು 2022ರಲ್ಲಿ ಹೊರಬಂದಾಗ ಹೂ ಸುರಿದವರ ಸದ್ದಿರಲಿಲ್ಲ. ಆ ನಾಲ್ವರೇ ತಪ್ಪಿತಸ್ಥರೇ ಎಂದು ಇನ್ನು ಯಾವ ನ್ಯಾಯಾಧೀಶರೂ ತೀರ್ಪು ಕೊಡಲಾರರು. ಸತ್ತ ಹೆಣ್ಣುಮಗಳಿಗೂ ಅದು ಅನ್ಯಾಯವೇ.

ಹಾಗಾದರೆ ಬಂದೂಕು ಹಿಡಿದವನ ಮುಂದೆ ಪೊಲೀಸರು ಕೈಕಟ್ಟಿ ನಿಲ್ಲಬೇಕೇ ಎಂದು ಕೇಳುತ್ತೀರಿ. ಖಂಡಿತ ಬೇಡ. ಚೌಪಾಟಿಯಲ್ಲೇ ಕಸಬ್‌ನ ಜೊತೆಗಾರನನ್ನು ಪೊಲೀಸರು ಹೊಡೆದುರುಳಿಸಿದರು. ಅದನ್ನು ನಾನು ಪ್ರಶ್ನಿಸುವುದಿಲ್ಲ. ಎದುರಾಳಿ ಗುಂಡು ಹಾರಿಸುವಾಗ ತಿರುಗಿ ಹಾರಿಸುವುದು ಕರ್ತವ್ಯ. ಕೈಗೆ ಸಿಕ್ಕವನನ್ನು ಕೊಲ್ಲುವುದು ಬೇರೆ. ಕೋರ್ಟುಗಳು ನಿಧಾನ ಎಂಬ ಸಿಟ್ಟು ನನಗೂ ಇದೆ. ಆ ಸಿಟ್ಟಿನಿಂದ ಹೆಚ್ಚು ನ್ಯಾಯಾಧೀಶರನ್ನು, ಒಳ್ಳೆಯ ತನಿಖೆಯನ್ನು ಕೇಳೋಣ, ಹೆಣಗಳನ್ನಲ್ಲ.

ಆ ಕ್ಷಣ ಓಂಬ್ಳೆಯವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಹೇಳಲಾರರು. ಅವರ ಸಾವಿನಿಂದ ಈ ದೇಶಕ್ಕೆ ಸಿಕ್ಕದ್ದು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸಬಹುದಾದ ಒಬ್ಬ ಆರೋಪಿ. ಅವರ ಫೋಟೋದ ಕೆಳಗೆ ಎನ್‌ಕೌಂಟರ್ ಬೇಡುವವರು ಅವರನ್ನು ಸ್ಮರಿಸುತ್ತಿಲ್ಲ, ಅವರು ಮಾಡಿದ್ದನ್ನು ಅಳಿಸುತ್ತಿದ್ದಾರೆ.