ಬಸ್ಸಿನ ನಂಬರ್ ಕೇಳಿದರೆ ತಪ್ಪೇನು?

ಅಕ್ಕನ ಮಗನಿಗೆ ಗೋವಾ ಟಿಕೆಟ್ ಮಾಡಿಸಲು ಈ ವಾರ ಕಲಬುರಗಿಯ ಒಂದು ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ಬಸ್ಸಿನ ನಂಬರ್ ಯಾವುದು, ಪರ್ಮಿಟ್ ಎಂಥದ್ದು, ಇನ್ಸೂರೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕೇಳಿದೆ. ‘ಅದೆಲ್ಲಾ ನಿಮಗ್ಯಾಕ್ ಬೇಕ್ರಿ ಸರ್? ಎ.ಸಿ. ಛಲೋ ಅದ, ಹಾಸಿಗಿ ಛಲೋ ಅದ’ ಅಂದ ಅಲ್ಲಿದ್ದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಬಂದದ್ದು ಒಳಗಿನ ಕೋಣೆಯಿಂದ ಎದ್ದು ಬಂದು, ‘ಇಷ್ಟು ಸಂಶಯ ಇದ್ರ ಸರ್ಕಾರಿ ಬಸ್ಸಿಗಿ ಹೋಗ್ರಿ’ ಎಂದ ದೊಡ್ಡ ಮನುಷ್ಯನ ಮೇಲೆ.

ಈ ಊರಿನಲ್ಲಿ ಕೂತು ಹೀಗೆ ಮಾತಾಡಲು ಬಾಯಾದರೂ ಹೇಗೆ ಬರುತ್ತದೆ? 2022ರ ಜೂನ್ 3ರ ಬೆಳಿಗ್ಗೆ ನಮ್ಮದೇ ಜಿಲ್ಲೆಯ ಕಮಲಾಪುರದ ಹೊರವಲಯದಲ್ಲಿ ನಡೆದದ್ದನ್ನು ಇಷ್ಟು ಬೇಗ ಮರೆಯಲಾದೀತೇ? ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ ಸರಕು ವಾಹನಕ್ಕೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಹುಟ್ಟುಹಬ್ಬ ಆಚರಿಸಲು ಗೋವಾಕ್ಕೆ ಹೋಗಿದ್ದ ಹೈದರಾಬಾದಿನ ಮಂದಿ ಊರು ಮುಟ್ಟಲಿಲ್ಲ. ಕನಿಷ್ಠ ಏಳು ಜನ ಸುಟ್ಟುಹೋದರು, ಅವರಲ್ಲಿ ಮಕ್ಕಳೂ ಇದ್ದರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಆ ದಿನ ದೇಶದ ಟಿವಿಗಳಲ್ಲೆಲ್ಲ ಬೆಂಕಿಯ ಊರಾಯಿತು. 2025ರ ಅಕ್ಟೋಬರಿನಲ್ಲಿ ಕರ್ನೂಲು ಬಳಿ ಹೈದರಾಬಾದ್–ಬೆಂಗಳೂರು ಬಸ್ಸಿನಲ್ಲಿ ಹತ್ತೊಂಬತ್ತು ಪ್ರಯಾಣಿಕರು ಬೆಂದುಹೋದಾಗಲೂ ಕಲಬುರಗಿಯಲ್ಲಿ ಎಷ್ಟೋ ಮನೆಗಳವರಿಗೆ ಮೊದಲು ನೆನಪಾದದ್ದು ಕಮಲಾಪುರವೇ.

ಬೆಂಕಿ ಆರುತ್ತದೆ. ಕಾಗದದ ಜಗಳ ಶುರುವಾಗುವುದು ಅದರ ನಂತರ. ಬಸ್ಸಿನ ವಿಮಾ ಪಾಲಿಸಿಯನ್ನು ಒಮ್ಮೆ ಕೈಗೆತ್ತಿಕೊಂಡು ಓದಿ. ಅದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಬಳಕೆಯ ಮಿತಿ’ ಎಂಬ ಕಲಂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪಡೆದ ಪರ್ಮಿಟ್ಟಿನಂತೆ ಓಡಿದರೆ ಮಾತ್ರ ಈ ವಿಮೆ ಅನ್ವಯ ಎನ್ನುತ್ತದೆ ಅದು. ಅಂದರೆ ಮಾಲೀಕ ಪ್ರೀಮಿಯಂ ಕಟ್ಟಿದ್ದರೂ ಸಾಲದು. ಪರ್ಮಿಟ್ ಮುಗಿದಿದ್ದರೆ, ಟೂರಿಸ್ಟ್ ಪರ್ಮಿಟ್ ತೆಗೆದುಕೊಂಡು ದಾರಿಯುದ್ದಕ್ಕೂ ಬಿಡಿಬಿಡಿಯಾಗಿ ಜನರನ್ನು ಹತ್ತಿಸಿ ಇಳಿಸುತ್ತಿದ್ದರೆ, ಕಂಪನಿಯ ವಕೀಲರಿಗೆ ವಾದ ಸಿಕ್ಕಿತೆಂದೇ ಲೆಕ್ಕ.

ಈ ವಾದದ ಉದ್ದ ಎಷ್ಟು ಅನ್ನುವುದಕ್ಕೆ ಚನ್ನಪಟ್ಟಣದ ಪ್ರಕರಣ ನೋಡಿ. 2014ರಲ್ಲಿ ಅಲ್ಲಿ ಬಸ್ ಬಡಿದು ಬೈಕ್ ಸವಾರನೊಬ್ಬ ಸತ್ತ. ಬಸ್ಸಿಗಿದ್ದ ಪರ್ಮಿಟ್ ಬೆಂಗಳೂರು–ಮೈಸೂರು ಮಾರ್ಗದ್ದು, ಪಟ್ಟಣದೊಳಗೆ ಬರಲು ಅನುಮತಿಯೇ ಇರಲಿಲ್ಲ, ಆದ್ದರಿಂದ ಹೊಣೆ ನಮ್ಮದಲ್ಲ ಎಂದಿತು ವಿಮಾ ಕಂಪನಿ. ಮೊದಲು ಸತ್ತವನ ಮನೆಯವರಿಗೆ ಪರಿಹಾರ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಅಕ್ಟೋಬರಿನಲ್ಲಿ. ತೀರ್ಪು ನ್ಯಾಯವಾದದ್ದೇ. ಆದರೆ ನಡುವೆ ಹನ್ನೊಂದು ವರ್ಷ! ಬಸ್ಸು ಯಾವ ರಸ್ತೆಯಲ್ಲಿ ಹೋಗಬೇಕಿತ್ತು ಎಂಬುದಕ್ಕೂ ಸತ್ತವನ ಹೆಂಡತಿ ಮಕ್ಕಳಿಗೂ ಏನು ಸಂಬಂಧ?

ಸ್ವಂತ ವಿಹಾರ ನೌಕೆ ಇಟ್ಟುಕೊಂಡು ಪರದೇಶದ ಸಮುದ್ರಗಳಿಗೆ ಹೋಗುವ ಸಿರಿವಂತರ ವಿಮೆಯಲ್ಲೂ ಇಂಥದ್ದೇ ಗಡಿ ಇರುತ್ತದೆ. ಯಾವ ಸಮುದ್ರದವರೆಗೆ, ಚಂಡಮಾರುತದ ಕಾಲದಲ್ಲಿ ಎಲ್ಲಿ ಇರಬಾರದು ಎಂದೆಲ್ಲ ಬರೆದಿರುತ್ತದೆ. ಗಡಿ ದಾಟಿದರೆ ರಕ್ಷಣೆ ಇಲ್ಲ. ಆದರೆ ಅಲ್ಲಿ ಪಾಲಿಸಿ ಓದುವವನೂ ನೌಕೆ ಏರುವವನೂ ಒಬ್ಬನೇ. ನಮ್ಮಲ್ಲಿ ಪ್ರಾಣ ಒತ್ತೆಯಿಟ್ಟು ಮಲಗುವವರು ಮೇಲಿನ ಬರ್ತಿನಲ್ಲಿ, ಕಾಗದ ಎಲ್ಲೋ ಮಾಲೀಕನ ಕಪಾಟಿನಲ್ಲಿ. ಬಸ್ಸಿನ ನೋಂದಣಿ ನಾಗಾಲ್ಯಾಂಡಿನದ್ದೋ ಅರುಣಾಚಲದ್ದೋ, ಹತ್ತುವ ತನಕ ತಿಳಿಯುವುದಿಲ್ಲ.

ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುತ್ತ ಬಂದ ಮಾತೊಂದಿದೆ: ಕಲಬುರಗಿಯವರಿಗೆ ರಾಜ್ಯದ ಗಡಿ ದಾಟುವುದು ಮೋಜಲ್ಲ, ಜೀವನ. ಆಸ್ಪತ್ರೆಗೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ಹರಕೆಗೆ ತುಳಜಾಪುರ, ಅಕ್ಕಲಕೋಟೆ, ಪಂಢರಪುರ. ಇವಕ್ಕೆಲ್ಲ ಬಾಡಿಗೆಗೆ ಸಿಗುವುದು ಓಣಿಯಲ್ಲಿ ಯಾರದೋ ಬಿಳಿ ಬೋರ್ಡಿನ ಕಾರು. ಹಳದಿ ಬೋರ್ಡಿಗಿಂತ ನೂರಿನ್ನೂರು ಕಡಿಮೆ, ಗುರುತಿನ ಡ್ರೈವರ್. ಬಾಡಿಗೆಗೆ ಓಡಿಸಿದರೆ ವಿಮೆ ಅನ್ವಯಿಸದು ಎಂದು ಆ ಕಾರಿನ ಪಾಲಿಸಿಯಲ್ಲಿ ಅಚ್ಚಾಗಿಯೇ ಇರುತ್ತದೆ. ರೋಗಿಯನ್ನು ಕರೆದುಕೊಂಡು ನಡುರಾತ್ರಿ ಹೊರಟ ಮನೆಯವರು ಅದನ್ನು ಓದುವುದು ಯಾವಾಗ? ಹೀಗೆ ಹೊರಟವರಿಗೆ ದಾರಿಯಲ್ಲಿ ಏನಾದರೂ ಆದರೆ, ಡ್ರೈವರ್ ನಮ್ಮ ದೋಸ್ತ, ದುಡ್ಡು ಕೊಟ್ಟಿಲ್ಲ ಎಂದು ಸುಳ್ಳು ಹೇಳುವ ಗತಿ ಬರುತ್ತದೆ. ಪರಿಹಾರಕ್ಕಾಗಿ ಸುಳ್ಳು ಹೇಳಬೇಕಾಗಿ ಬರುವುದು ಸಂಕಟದ ಮೇಲೊಂದು ಅವಮಾನ.

2023ರ ಮೇ 1ರಿಂದ ಅಖಿಲ ಭಾರತ ಪ್ರವಾಸಿ ವಾಹನ ಪರ್ಮಿಟ್ಟಿಗೆ ಹೊಸ ನಿಯಮ ಜಾರಿಯಲ್ಲಿದೆ. ಮಾಲೀಕ ಆನ್‌ಲೈನ್ ಅರ್ಜಿ ಹಾಕಿ, ಅಧಿಕಾರಿ ಏಳು ದಿನದೊಳಗೆ ನಿರ್ಧಾರ ಹೇಳದಿದ್ದರೆ ಪರ್ಮಿಟ್ ಸಿಕ್ಕಿದಂತೆಯೇ. ಮಾಲೀಕರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಸರ್ಕಾರಕ್ಕೆ ಪ್ರಯಾಣಿಕನ ಟಿಕೆಟ್ ಮೇಲೆ ವಾಹನದ ನಂಬರ್, ಪರ್ಮಿಟ್ಟಿನ ಬಗೆ, ವಿಮೆ ಮುಗಿಯುವ ದಿನಾಂಕ ಅಚ್ಚು ಹಾಕಿಸುವುದು ಕಷ್ಟವೇ? ನಂಬರ್ ಗೊತ್ತಿದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ವಿಮೆಯೂ ಫಿಟ್‌ನೆಸ್ಸೂ ಚಾಲ್ತಿ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಈಗ ನಂಬರ್ ಮೊಬೈಲಿಗೆ ಬರುವುದು ಬಸ್ ಹೊರಡಲು ಒಂದೆರಡು ತಾಸು ಇರುವಾಗ. ಅಷ್ಟೊತ್ತಿಗೆ ದುಡ್ಡು ಹೋಗಿರುತ್ತದೆ, ಟಿಕೆಟ್ ರದ್ದು ಮಾಡಿದರೆ ಕೈಗೆ ಚಿಕ್ಕಾಸೂ ಬರುವುದಿಲ್ಲ.

ಕಮಲಾಪುರದ ನಂತರ ತಪಾಸಣೆ ಬಿಗಿ ಮಾಡುತ್ತೇವೆ ಎಂಬ ಮಾತು ಕೇಳಿದೆವು, ಕರ್ನೂಲಿನ ನಂತರವೂ ಕೇಳಿದೆವು. ಸಾರಿಗೆ ಇಲಾಖೆಯವರೇ, ಹೆದ್ದಾರಿಯಲ್ಲಿ ಹಗಲು ಹೊತ್ತು ರೈತರ ಟ್ರ್ಯಾಕ್ಟರ್ ಅಡ್ಡಗಟ್ಟುವುದು ಸಾಕು. ರಾತ್ರಿ ಒಂಬತ್ತಕ್ಕೆ ಕಲಬುರಗಿಯ ಟ್ರಾವೆಲ್ಸ್ ಆಫೀಸುಗಳ ಮುಂದೆ ಬಂದು ನಿಲ್ಲಿ. ಬಸ್ಸಿನ ನಂಬರ್ ಹೇಳಲು ಹಿಂಜರಿಯುವ ಮಾಲೀಕನ ಬಸ್ಸನ್ನು ಅಲ್ಲೇ ನಿಲ್ಲಿಸಿ. ಅದಾಗದಿದ್ದರೆ ಮುಂದಿನ ಬೆಂಕಿಯ ಎಫ್‌ಐಆರ್‌ನಲ್ಲಿ ಡ್ರೈವರನ ಹೆಸರಿನ ಕೆಳಗೆ ನಿಮ್ಮ ಹೆಸರೂ ಇರಬೇಕು.