ವಾರಂಟಿ ಉಂಟು, ಬೋ ಪ್ರೆಸ್ ಇಲ್ಲ

ಸೀತಾ ಸ್ವಯಂವರದ ಆಟದಲ್ಲಿ ರಾಮ ಶಿವಧನುಸ್ಸನ್ನು ಮುರಿದಾಗ ಜನಕ ಮಹಾರಾಜ "ಬಿಲ್ ಉಂಟಾ? ವಾರಂಟಿ ಕಾರ್ಡ್ ಉಂಟಾ?" ಎಂದು ಕೇಳಲಿಲ್ಲ. ಖುಷಿಯಿಂದ ಮಗಳನ್ನೇ ಧಾರೆ ಎರೆದು ಕೊಟ್ಟ. ಈಗಿನ ಬಿಲ್ಲು ಮುರಿದರೆ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ ಮಾರಾಯ್ರೆ. ಅದರಲ್ಲೂ ಅದು ಕಾಂಪೌಂಡ್ ಬಿಲ್ಲಾಗಿದ್ದು, ಅದನ್ನು ಹಿಡಿದವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ವಿದ್ಯಾರ್ಥಿಗಳಾಗಿದ್ದರೆ ವಾರಂಟಿ ಇದ್ದೂ ಇಲ್ಲದ ಹಾಗೆ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ವಾರಂಟಿಯನ್ನು ವರ್ಷದಲ್ಲಿ ಅಳೆಯಬೇಡಿ, ಕಿಲೋಮೀಟರಿನಲ್ಲಿ ಅಳೆಯಿರಿ. ಕಾರ್ಡಿನ ಮೇಲೆ "ಲೈಫ್‌ಟೈಮ್" ಎಂದೇ ಬರೆದಿರಲಿ, ಬಿಲ್ಲನ್ನು ಬಿಚ್ಚಿ ಜೋಡಿಸುವವರು ಹತ್ತಿರದಲ್ಲಿ ಇಲ್ಲದಿದ್ದರೆ ಆ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುವ ಖರ್ಚೂ ದಂಡ.

"ನಮ್ಮೂರಿಗೆ ಬಿಲ್ಲುಗಾರಿಕೆ ಯಾಕೆ? ಕಬಡ್ಡಿ, ವಾಲಿಬಾಲ್ ಸಾಲದಾ?" ಎಂದು ಕೇಳುವವರು ಇದ್ದಾರೆ. ಅವರಿಗೆ ನಮ್ಮ ಉತ್ತರ ಹೀಗೆ. 2023ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ವಿಭಾಗದ ವಿಶ್ವ ಚಾಂಪಿಯನ್ ಆದಾಗ ಅದಿತಿ ಸ್ವಾಮಿಗೆ 17 ವರ್ಷ. ಮಹಾರಾಷ್ಟ್ರದ ಸಾತಾರಾ ಕಡೆಯ ಹುಡುಗಿ, ಮುಂಬೈ-ದೆಹಲಿಯವಳಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಐದಕ್ಕೆ ಐದೂ ಚಿನ್ನ ಭಾರತಕ್ಕೆ ಬಂತು. ಕೈಗಳಿಲ್ಲದೆ ಕಾಲಿನಿಂದ ಬಿಲ್ಲು ಹಿಡಿಯುವ ಶೀತಲ್ ದೇವಿ ಜಮ್ಮುವಿನ ಕಿಶ್ತವಾಡದ ಗುಡ್ಡಗಾಡಿನವರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಅವರು ಕಂಚು ಗೆದ್ದದ್ದು ಕಾಂಪೌಂಡ್ ಬಿಲ್ಲಿನಲ್ಲೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಸಲ ಸೇರಿದೆ. ಸಣ್ಣ ಊರಿನ ಮಕ್ಕಳು ಈ ಬಿಲ್ಲಿಗೆ ಆಸೆ ಪಟ್ಟರೆ ಅದನ್ನು ಶೋಕಿ ಅನ್ನಬಾರದು.

ಇನ್ನು ಬಿಲ್ಲಿನ ವಿಷಯ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ ವಿನ್ಯಾಸ ಇದರ ಮೂಲ. ನಡುವೆ ಲೋಹದ ಹಿಡಿ, ಮೇಲೆ ಕೆಳಗೆ ಫೈಬರಿನ ಗಿಡ್ಡ ಲಿಂಬ್‌ಗಳು, ಅವುಗಳ ತುದಿಯಲ್ಲಿ ಕ್ಯಾಮ್ ಎಂಬ ಚಕ್ರಗಳು, ಹೆದೆಯ ಜೊತೆಗೆ ಕೇಬಲ್‌ಗಳು. ಎಳೆಯುತ್ತಾ ಹೋದರೆ ಮೊದಲು ಭಾರ ಏರುತ್ತದೆ. ಕೊನೆಗೆ ಕ್ಯಾಮ್ ತಿರುಗಿ ಭಾರ ಒಮ್ಮೆಲೇ ಇಳಿಯುತ್ತದೆ. ಇದಕ್ಕೆ ಲೆಟ್-ಆಫ್ ಅಂತಾರೆ. 50 ಪೌಂಡಿನ ಬಿಲ್ಲಿಗೆ ಶೇ 75 ಲೆಟ್-ಆಫ್ ಇದ್ದರೆ ಗುರಿ ಹಿಡಿದು ನಿಲ್ಲುವಾಗ ಕೈಗೆ ಬರುವುದು 12.5 ಪೌಂಡ್, ಅಂದರೆ ಸುಮಾರು 5.7 ಕೆ.ಜಿ. ಮಾತ್ರ.

ಇದು ಸುಖದ ಭಾಗ. ಕಷ್ಟ ಎಂತ ಅಂದ್ರೆ, ಬಿಲ್ಲು ಗೋಡೆಗೆ ನೇತಾಡ್ತಾ ಇರುವಾಗಲೂ ಅದರ ಲಿಂಬ್‌ಗಳು ಬಿಗಿಯಾಗಿ ಬಗ್ಗಿಯೇ ಇರುತ್ತವೆ. ಹೆದೆ, ಕೇಬಲ್, ಕ್ಯಾಮ್ ಯಾವುದನ್ನು ಬದಲಿಸಬೇಕಾದರೂ ಸಾಮಾನ್ಯವಾಗಿ ಲಿಂಬ್‌ಗಳನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಎಂಬ ಸಾಧನ ಬೇಕು. ಅದಿಲ್ಲದೆ ಸ್ಪ್ಯಾನರ್ ಹಿಡಿದು ಕೂತರೆ ಕಣ್ಣೇ ಹೋದೀತು. ಬಿ.ಸಿ. ರೋಡ್, ಉಜಿರೆ, ಮೂಡುಬಿದಿರೆ ಪೇಟೆಗಳಲ್ಲಿ ನಾವು ವಿಚಾರಿಸಿದ ಯಾವ ಸ್ಪೋರ್ಟ್ಸ್ ಅಂಗಡಿಯಲ್ಲೂ ಇದು ಇರಲಿಲ್ಲ. ಒಂದು ಕಡೆ "ಅದೆಂತದು, ಜ್ಯೂಸ್ ತೆಗೆಯುವುದಾ?" ಎಂದು ಕೇಳಿದರು.

ಈಗ ವಾರಂಟಿಯ ಕಾಗದ ಓದೋಣ. ದೊಡ್ಡ ತಯಾರಕರ ಷರತ್ತುಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ವಾರಂಟಿ ಮೊದಲ ಖರೀದಿದಾರರಿಗೆ ಮಾತ್ರ. ಅಧಿಕೃತ ಡೀಲರ್ ಹತ್ತಿರ ಕೊಂಡಿರಬೇಕು, ರಿಪೇರಿಯೂ ಡೀಲರ್ ಮೂಲಕವೇ ಆಗಬೇಕು. ಹೆದೆ ಮತ್ತು ಕೇಬಲ್ ಸವೆಯುವ ಸಾಮಾನಾದ್ದರಿಂದ ಅವು ಹೊರಗೆ. ಬಾಣ ಇಡದೆ ಹೆದೆ ಬಿಟ್ಟರೆ, ಅಂದರೆ ಡ್ರೈ ಫೈರ್ ಆದರೆ, ಎಲ್ಲವೂ ಹೊರಗೆ. ತೀರಾ ಹಗುರವಾದ ಬಾಣ ಬಳಸಿದರೂ ಹಾಗೆಯೇ. ಸಾಮಾನ್ಯ ಮಿತಿ ಒಂದು ಪೌಂಡ್ ಎಳೆತಕ್ಕೆ 5 ಗ್ರೇನ್. 50 ಪೌಂಡಿನ ಬಿಲ್ಲಿಗೆ ಬಾಣ ಕನಿಷ್ಠ 250 ಗ್ರೇನ್, ಸುಮಾರು 16 ಗ್ರಾಂ ತೂಗಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಇಡಬೇಡಿ, ಲಿಂಬ್‌ನ ಪದರಗಳು ಬಿಟ್ಟುಕೊಳ್ಳಬಹುದು ಎಂಬ ಎಚ್ಚರಿಕೆಯೂ ಇರುತ್ತದೆ. ಏಪ್ರಿಲ್ ತಿಂಗಳ ಬಂಟ್ವಾಳದಲ್ಲಿ ಕಾರು ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಷರತ್ತನ್ನು ಇನ್ನೊಮ್ಮೆ ನೋಡಿ. ನಮ್ಮಂಥವರಲ್ಲಿ ಹೆಚ್ಚಿನವರು ಶುರು ಮಾಡುವುದೇ ಸೀನಿಯರ್ ಒಬ್ಬರು ಮಾರಿದ ಹಳೆ ಬಿಲ್ಲಿನಲ್ಲಿ. ಕೈ ಬದಲಾದ ದಿನವೇ ವಾರಂಟಿ ಸತ್ತಿತು. ಹೊಸದು ಕೊಳ್ಳುವ ತಾಕತ್ತು ಇದ್ದವರಿಗೆ ರಕ್ಷಣೆ ಉಂಟು, ಇಲ್ಲದವರಿಗೆ ಇಲ್ಲ.

ಹೊಸದು ಕೊಂಡವರ ಕಥೆಯೂ ಸುಖದ್ದಲ್ಲ. ಬೆಳ್ತಂಗಡಿ ತಾಲ್ಲೂಕಿನ ನಮ್ಮ ಗೆಳೆಯನೊಬ್ಬನಿಗೆ ಅವನಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ 60 ಸಾವಿರದ ಬಿಲ್ಲು ತೆಗೆಸಿಕೊಟ್ಟರು. ಆನ್‌ಲೈನ್ ಖರೀದಿ. ನಾಲ್ಕನೇ ತಿಂಗಳಿಗೆ ಮೇಲಿನ ಲಿಂಬ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಮಾರಿದವರನ್ನು ಕೇಳಿದರೆ "ವಾರಂಟಿ ತಯಾರಕರದ್ದು, ಅವರಿಗೆ ಬರೆಯಿರಿ." ತಯಾರಕರಿಗೆ ಬರೆದರೆ "ನಿಮ್ಮ ಡೀಲರ್ ಮೂಲಕ ಬನ್ನಿ." ಆಮೇಲೆ ಫೋಟೊ, ವಿಡಿಯೊ, ಸೀರಿಯಲ್ ನಂಬರ್. ಡ್ರೈ ಫೈರ್ ಮಾಡಿಲ್ಲ ಎಂದು ತೋರಿಸಿ ಅಂದರು. ನಡೆಯದೇ ಇದ್ದ ಸಂಗತಿಯನ್ನು ತೋರಿಸುವುದು ಹೇಗೆ? ಎರಡೂವರೆ ತಿಂಗಳು ಕಳೆದ ಮೇಲೆ ಹೊಸ ಲಿಂಬ್ ಜೋಡಿ ಬಂತು, ಉಚಿತವಾಗಿಯೇ ಬಂತು. ಜೋಡಿಸುವವರು ಯಾರು? ಬಿಲ್ಲನ್ನು ಬೆಡ್‌ಶೀಟಿನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕಾಯ್ತು. ಅಷ್ಟರಲ್ಲಿ ಆಯ್ಕೆಯ ಟ್ರಯಲ್ಸ್ ಮುಗಿದಿತ್ತು. ಕಂಪನಿಯ ಲೆಕ್ಕದಲ್ಲಿ ಈ ಕ್ಲೇಮ್ ಸರಿಯಾಗಿ ಮುಗಿದಿದೆ. ಅವನ ಲೆಕ್ಕದಲ್ಲಿ ಒಂದು ವರ್ಷ ಹೋಯಿತು.

ಗಲ್ಫಿನಲ್ಲಿರುವ ಮಾವನ ಹತ್ತಿರ ಹೇಳಿ ತರಿಸುವವರೂ ಉಂಟು. ಬೆಲೆ ಕಡಿಮೆ ಆಗ್ತದೆ, ನಿಜ. ಆದರೆ ಆಗ ಭಾರತದಲ್ಲಿ ಉತ್ತರ ಕೊಡುವವರೇ ಇರುವುದಿಲ್ಲ. ರಿಪೇರಿಗೆ ಹೊರದೇಶಕ್ಕೆ ಕಳಿಸಿ ಮತ್ತೆ ತರಿಸುವಾಗ ಕಸ್ಟಮ್ಸ್ ನಿಯಮ ಒಂದು ಲೆಕ್ಕ ಹಾಕುತ್ತದೆ: ರಿಪೇರಿಯ ನ್ಯಾಯವಾದ ಬೆಲೆ, ಹೋಗಿ ಬರುವ ಸಾಗಣೆ, ವಿಮೆ, ಇವಿಷ್ಟರ ಮೇಲೆ ಸುಂಕ. ತಯಾರಕರು ಬಿಟ್ಟಿಯಾಗಿ ರಿಪೇರಿ ಮಾಡಿದ್ದರೂ ಆ ರಿಪೇರಿಗೆ ಬೆಲೆ ಕಟ್ಟಲಾಗುತ್ತದೆ. ಉಚಿತ ರಿಪೇರಿಗೂ ಸುಂಕ!

ಎಲ್ಲ ತಪ್ಪೂ ಕಂಪನಿಯದ್ದು ಎಂದು ನಾವು ಹೇಳ್ತಾ ಇಲ್ಲ. ಡ್ರೈ ಫೈರ್ ಆದಾಗ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ವಾಪಸ್ ಲಿಂಬ್ ಮತ್ತು ಕ್ಯಾಮ್‌ಗೆ ಬಡಿಯುತ್ತದೆ. ಅಂಥ ಬಿಲ್ಲಿಗೆಲ್ಲ ಹೊಸ ಲಿಂಬ್ ಕೊಡುತ್ತಾ ಕೂತರೆ ಯಾವ ಕಂಪನಿಯೂ ಉಳಿಯುವುದಿಲ್ಲ. ತಿಳಿಯದವರು ಬಿಚ್ಚಿದರೆ ಜೀವಕ್ಕೇ ಅಪಾಯ, ಹಾಗಾಗಿ ಡೀಲರ್ ಮೂಲಕವೇ ಬನ್ನಿ ಎನ್ನುವುದರಲ್ಲಿ ಅರ್ಥ ಇದೆ. ನಮ್ಮ ತಕರಾರು ಬೇರೆ. ಡೀಲರ್ ಮೂಲಕವೇ ಬನ್ನಿ ಎನ್ನುವವರು ಡೀಲರ್ ಇಲ್ಲದ ಊರಿಗೂ ಬಿಲ್ಲು ಮಾರುತ್ತಾರೆ. ಮಾರುವಾಗ ಕೊರಿಯರ್ ಸಾಕು, ರಿಪೇರಿಗೆ ಮಾತ್ರ ನಾವೇ ಹೋಗಬೇಕು. ಈ ಲೆಕ್ಕ ಸರಿ ಇಲ್ಲ.

ಎಂಜಿನಿಯರಿಂಗ್ ಓದುವವರಾಗಿ ಇನ್ನೊಂದು ಮಾತು. ಒಲಿಂಪಿಕ್ಸ್‌ನಲ್ಲಿ ನಾವು ನೋಡುತ್ತಾ ಬಂದಿರುವ ರಿಕರ್ವ್ ಬಿಲ್ಲಿಗೆ ಐಎಲ್‌ಎಫ್ ಎಂಬ ಜೋಡಣೆಯ ಮಾದರಿ ಉಂಟು. ಒಂದು ಕಂಪನಿಯ ಹಿಡಿಗೆ ಇನ್ನೊಂದು ಕಂಪನಿಯ ಲಿಂಬ್ ಕೂರುತ್ತದೆ. ಲಿಂಬ್ ಹೋದರೆ ಬೇರೆಯವರದ್ದು ಸಿಕ್ಕಿಸಿ ಆಟ ಮುಂದುವರಿಸಬಹುದು, ಪ್ರೆಸ್ ಬೇಡ. ಕಾಂಪೌಂಡ್‌ನಲ್ಲಿ ಹಾಗಿಲ್ಲ. ಪ್ರತಿ ಕಂಪನಿಗೂ ಅದರದ್ದೇ ಲಿಂಬ್, ಅದರದ್ದೇ ಕ್ಯಾಮ್. ಕಾಂಪೌಂಡ್‌ನ ಲೆಕ್ಕಾಚಾರ ಸೂಕ್ಷ್ಮ ಎನ್ನುವುದು ನಿಜ. ಆದರೂ ರಿಪೇರಿ ಸುಲಭವೋ ಕಷ್ಟವೋ ಎನ್ನುವುದು ಬಹುಪಾಲು ಡ್ರಾಯಿಂಗ್ ಬೋರ್ಡಿನಲ್ಲೇ ನಿರ್ಧಾರವಾಗುತ್ತದೆ. ನಾಳೆ ಡಿಸೈನ್ ಮಾಡುವವರು ನಾವೇ ಅಲ್ವಾ?

ನಮ್ಮ ತೋಟದ ಜನರಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರಷ್ ಕಟ್ಟರ್ ಕೊಳ್ಳಲು ಹೋದವರು ಬೆಲೆಗಿಂತ ಮೊದಲು ಕೇಳುವುದು "ಸರ್ವಿಸ್ ಎಲ್ಲಿ? ಪಾರ್ಟ್ಸ್ ಸಿಗ್ತದಾ?" ಮಾರ್ಚಿನಲ್ಲಿ ಪಂಪು ಸುಟ್ಟರೆ ವಾರಂಟಿಗೆ ಕಾಯುತ್ತಾ ಕೂರುವುದಿಲ್ಲ, ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಒಣಗುವ ಅಡಿಕೆ ಮರಕ್ಕೆ ವಾರಂಟಿಯ ಭಾಷೆ ತಿಳಿಯುವುದಿಲ್ಲ. ಕಾರ್ಬನ್ ಫೈಬರ್ ದೋಟಿಯನ್ನೇ ನೋಡಿ. ಬಾಣ ಮಾಡುವ ಅದೇ ಕಾರ್ಬನ್ ಫೈಬರ್. ಅದು ನಮ್ಮ ತೋಟಗಳಿಗೆ ಬಂದಾಗ ಕೋಲು ಮಾತ್ರ ಬರಲಿಲ್ಲ, ಅದನ್ನು ಹಿಡಿದು ಕೊಯ್ಲು ಮಾಡುವುದು, ಮದ್ದು ಬಿಡುವುದು ಹೇಗೆ ಎಂಬ ತರಬೇತಿ ಶಿಬಿರಗಳೂ ಬಂದವು. ಗೆಳೆಯನ ಅಪ್ಪ ಕೇಳಿದ್ದೂ ಅಷ್ಟೇ: "ಮೆಷಿನ್ ಬಂತು, ಮೆಕ್ಯಾನಿಕ್ ಎಲ್ಲಿ ಮಗಾ?"

ಕಾನೂನು ನಮ್ಮ ಕಡೆ ಎಷ್ಟು ಉಂಟು ಅಂತ ನೋಡಿದೆವು. ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ ಪ್ರಕಾರ ಮಾರಿದವರ ಊರಿಗೆ ಹೋಗಿ ದೂರು ಕೊಡಬೇಕಾಗಿಲ್ಲ, ನಾವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ನಮಗೆ ಅದು ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದವರು ದೂರು ಬಂದ 48 ಗಂಟೆಯೊಳಗೆ ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆದ್ದರಿಂದ "ತಯಾರಕರನ್ನೇ ಕೇಳಿ" ಎಂಬ ಮೇಲ್ ಬಂದರೆ ಅದನ್ನೇ ಕೊನೆಯ ಉತ್ತರ ಎಂದು ತಿಳಿಯಬೇಡಿ. ನಮ್ಮ ದುಡ್ಡು ತೆಗೆದುಕೊಂಡವರು ಮಾರಿದವರು. ಮೊದಲ ಪ್ರಶ್ನೆಯೂ ಅವರಿಗೇ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ಶುರು ಮಾಡಿತು. ಆಯ್ದುಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಯಂತ್ರಗಳು, ವಾಹನ. ಕ್ರೀಡಾ ಸಾಮಗ್ರಿ ಇದರಲ್ಲಿ ಇಲ್ಲ. ಅದೂ ಸೇರಬೇಕು. ಮ್ಯಾನುವಲ್, ಬಿಡಿಭಾಗ, ತರಬೇತಿ ಇವು ಫ್ರಿಜ್ಜಿಗೆ ಸಿಗಬಹುದಾದರೆ ಬಿಲ್ಲಿಗೆ ಯಾಕೆ ಸಿಗಬಾರದು?

ಆದರೆ ದೆಹಲಿ ಬದಲಾಗುವವರೆಗೆ ಕಾಯುವ ಅಗತ್ಯ ಇಲ್ಲ. ಬಿಲ್ಲು ಕೊಳ್ಳುವವರು ದುಡ್ಡು ಕಳಿಸುವ ಮೊದಲು ನಾಲ್ಕು ಪ್ರಶ್ನೆ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ಭಾರತದಲ್ಲಿ ಆಮದು ಮಾಡಿದವರು ಯಾರು? ಲಿಂಬ್ ಹೋದರೆ ಜೋಡಿಸಿ ಕೊಡುವವರು ಯಾರು, ಯಾವ ಊರಿನಲ್ಲಿ? ಹೋಗಿ ಬರುವ ಕೊರಿಯರ್ ಖರ್ಚು ಯಾರದ್ದು? ಎಷ್ಟು ದಿನ? ಉತ್ತರ ಬರದಿದ್ದರೆ ಅದೂ ಒಂದು ಉತ್ತರ. ಬಿಲ್ಲು ಬಂದ ದಿನವೇ ರಿಜಿಸ್ಟರ್ ಮಾಡಿ. ಪೆಟ್ಟಿಗೆ ತೆರೆಯುವ ವಿಡಿಯೊ, ಸೀರಿಯಲ್ ನಂಬರಿನ ಫೋಟೊ, ಬಾಣದ ತೂಕ ಬರೆದ ಒಂದು ನೋಟ್‌ಬುಕ್ ಇರಲಿ. ವಾರಕ್ಕೊಮ್ಮೆ ಲಿಂಬ್‌ಗಳ ಫೋಟೊ ತೆಗೆದಿಡಿ. ಡ್ರೈ ಫೈರ್ ಆಗಿಲ್ಲ ಎಂದು ವಾದಿಸಲು ನಮ್ಮ ಹತ್ತಿರ ಬೇರೆ ಸಾಕ್ಷಿ ಇರುವುದಿಲ್ಲ.

ಉಳಿದ ಅರ್ಧ ಕೆಲಸ ಕಾಲೇಜುಗಳದ್ದು. ನಮ್ಮ ಮೂರು ತಾಲ್ಲೂಕಿನಲ್ಲೂ ಎಂಜಿನಿಯರಿಂಗ್ ಕಾಲೇಜುಗಳು ಇವೆ. ಎಲ್ಲರಲ್ಲೂ ವರ್ಕ್‌ಶಾಪ್ ಉಂಟು, ಲೇತ್ ಉಂಟು. ಎಲ್ಲರೂ ಸೇರಿ ಒಂದು ಬೋ ಪ್ರೆಸ್ ಇಟ್ಟುಕೊಂಡರೆ, ಒಬ್ಬ ಇನ್‌ಸ್ಟ್ರಕ್ಟರನ್ನು ಡೀಲರ್ ಹತ್ತಿರ ತರಬೇತಿಗೆ ಕಳಿಸಿದರೆ, ಆ ಡೀಲರ್ ಕಳಿಸಿದ ಲಿಂಬನ್ನು ಅವರ ಒಪ್ಪಿಗೆಯ ಮೇಲೆ ಇಲ್ಲೇ ಜೋಡಿಸಬಹುದು. ಕ್ಯಾಮ್‌ಗಳು ಸಮನಾಗಿ ತಿರುಗುತ್ತವೆಯಾ ಎಂದು ನೋಡುವ ಡ್ರಾ ಬೋರ್ಡನ್ನು ನಾವೇ ಮಾಡಬಹುದು, ಒಂದು ಮರದ ಹಲಗೆ ಮತ್ತು ಕೈಯಲ್ಲಿ ತಿರುಗಿಸುವ ವಿಂಚ್ ಇದ್ದರೆ ಆಯ್ತು. ಪ್ರೆಸ್ಸನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು, ಅದನ್ನು ಕೊಂಡೇ ತರಬೇಕು. ಸೀನಿಯರ್ ಕೊಟ್ಟ ಹಳೆ ಬಿಲ್ಲಿನವರಿಗೆ ವಾರಂಟಿ ಇಲ್ಲದಿದ್ದರೂ ರಿಪೇರಿಯಾದರೂ ಸಿಕ್ಕೀತು.

ಇದಕ್ಕೆ ಬೇಕಾಗುವ ಜಾಗ ವರ್ಕ್‌ಶಾಪಿನಲ್ಲಿ ಒಂದು ಮೇಜಿನಷ್ಟು. ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ವರ್ಕ್‌ಶಾಪಿನ ಸರ್ ಒಂದು ದಿನ ಕೂತು ಮಾತಾಡಿದರೆ ಕೆಲಸ ಶುರುವಾಗುತ್ತದೆ. ಅರ್ಜಿ ನಾವು ಬರೆದಿಟ್ಟಿದ್ದೇವೆ, ಕನ್ನಡದಲ್ಲೇ. ಸಹಿ ಹಾಕುವವರು ಈ ವಾರ ಕನ್ನಡ ಸಂಘದ ಕೋಣೆಗೆ ಬನ್ನಿ.