ಜಾಹೀರಾತಿನ ಕಥೆಯೂ ಅರ್ಥವಾದವೂ

ಅರ್ಧ ನಿಮಿಷದ ಜಾಹೀರಾತಿನಲ್ಲಿ ಒಂದು ಕಥೆಯನ್ನು ಹೇಳಿದರೆ ಅದು ಜನರ ನೆನಪಿನಲ್ಲಿ ನಿಲ್ಲುವುದೆಂದೂ, ನೆನಪಿನಲ್ಲಿ ನಿಂತುದೇ ಉತ್ತಮ ಜಾಹೀರಾತೆಂದೂ ಆ ವ್ಯವಹಾರವನ್ನು ಬಲ್ಲವರು ಸಾರುತ್ತಿರುವರು. ಮೊದಲನೆಯ ಮಾತು ನಿಜ. ವಿಷ್ಣುಶರ್ಮನು ಮಂದಮತಿಗಳಾದ ರಾಜಕುಮಾರರಿಗೆ ನೀತಿಯನ್ನು ಕಲಿಸಿದುದು ಕಾಗೆ ನರಿಗಳ ಕಥೆಗಳಿಂದಲೇ. ಎರಡನೆಯ ಮಾತು ಮಾತ್ರ ಒಪ್ಪತಕ್ಕದ್ದಲ್ಲ.

ಮೀಮಾಂಸಕರು ವೇದದಲ್ಲಿ ಬರುವ ಉಪಾಖ್ಯಾನಗಳನ್ನು ಅರ್ಥವಾದವೆಂದು ಕರೆದು, ಅವಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲವೆಂದೂ, ವಿಧಿವಾಕ್ಯದೊಡನೆ ಕೂಡಿ ಅದನ್ನು ಸ್ತುತಿಸಿದಾಗಲೇ ಅವು ಸಾರ್ಥಕವೆಂದೂ ನಿರ್ಣಯಿಸಿದರು. ವೇದದ ಕಥೆಗೇ ಈ ಕಟ್ಟಿರುವಲ್ಲಿ ಸೋಪು ಲೇಪನಗಳ ಕಥೆಗೆ ಇರಬೇಡವೆ? ಸರಕಿನ ನಿಜಗುಣವೇ ಅಲ್ಲಿ ವಿಧಿಯ ಸ್ಥಾನದಲ್ಲಿರುವುದು. ಅದನ್ನು ಬಿಟ್ಟ ಕಥೆ ಬರಿಯ ಬಣ್ಣನೆ.

ಫೆವಿಕಾಲ್ ಎಂಬ ಅಂಟಿನ ಹಳೆಯ ಜಾಹೀರಾತೊಂದನ್ನು ನೋಡಬಹುದು. ಅಡುಗೆಯವನು ಎಷ್ಟು ಕುಟ್ಟಿದರೂ ಮೊಟ್ಟೆ ಒಡೆಯದು. ಆಚೆ ನೋಡಿದರೆ, ಕೋಳಿ ಫೆವಿಕಾಲಿನ ಡಬ್ಬಿಯೊಳಗೆ ಮೇಯುತ್ತಿರುವುದು! ಇದು ಅತಿಶಯೋಕ್ತಿ; ಅತಿಶಯೋಕ್ತಿಯೆಂದು ಮಗುವಿಗೂ ತಿಳಿಯುವುದು. ನಗು ಮುಗಿದ ಮೇಲೆ ಉಳಿಯುವುದು ಅಂಟಿನ ಗುಣವೊಂದೇ. ಯಾರಿಗೂ ಮೋಸವಿಲ್ಲ.

ಇನ್ನು ಫೇರ್ ಅಂಡ್ ಲವ್ಲಿ ಲೇಪನದ ಕಥೆ. ತನಗೊಬ್ಬ ಮಗನಿದ್ದಿದ್ದರೆ ಎಂದು ತಂದೆ ಕೊರಗುವನು. ಮಗಳು ಆ ಲೇಪನವನ್ನು ಹಚ್ಚಿ, ಬೆಳ್ಳಗಾಗಿ, ವಿಮಾನದ ಪರಿಚಾರಿಕೆಯ ಉದ್ಯೋಗವನ್ನು ಸಂಪಾದಿಸಿ ಅವನ ಕೊರಗನ್ನು ನೀಗುವಳು. ಈ ಕಥೆಯೂ ನೆನಪಿನಲ್ಲಿ ನಿಂತಿತು. ಆದರೆ ಉದ್ಯೋಗವನ್ನು ಕೊಡಿಸುವ ಗುಣ ಯಾವ ಲೇಪನದಲ್ಲಿರುವುದು? ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯು ದೂರಿತ್ತ ಮೇಲೆ 2003ರಲ್ಲಿ ಆ ಜಾಹೀರಾತು ನಿಂತುಹೋಯಿತು. 2014ರಲ್ಲಿ ಜಾಹೀರಾತುಗಳ ಗುಣದೋಷಗಳನ್ನು ವಿಚಾರಿಸುವ ಮಂಡಳಿಯೇ, ಕಪ್ಪು ಮೈಬಣ್ಣದವರನ್ನು ಹೀನರೆಂದು ತೋರಿಸಕೂಡದೆಂದು ನಿಯಮಿಸಿತು. 2020ರಲ್ಲಿ ಲೇಪನದ ಹೆಸರೂ ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿತು.

ನೋಡುವವರೇನು ಮೂಢರೇ, ಕಥೆಯನ್ನು ಕಥೆಯೆಂದೇ ತಿಳಿಯುವರು ಎಂಬ ಸಮಾಧಾನವುಂಟು. ಕೋಳಿಯ ವಿಷಯದಲ್ಲಿ ಅದು ಸರಿ. ಆದರೆ ಹೆಣ್ಣು ನೋಡಲು ಬಂದ ಬಂಧುಗಳು ಆಡುವ ಮಾತನ್ನೇ ಕಥೆಯೂ ಆಡಿದಾಗ, ಅಕ್ಕನ ಪಕ್ಕದಲ್ಲಿ ಕುಳಿತ ಎಳೆಯ ಹುಡುಗಿ ಅದನ್ನು ಕಟ್ಟುಕಥೆಯೆಂದು ಹೇಗೆ ಬಗೆದಾಳು? ಅವಳಿಗೆ ಅದು ಲೋಕಾನುಭವಕ್ಕೆ ದೊರೆತ ಸಾಕ್ಷಿಯಾಗುವುದು. ಕನ್ನಡಿಯ ಮುಂದೆ ನಿಂತಾಗಲೆಲ್ಲ ಅವಳು ಅದನ್ನೇ ನೆನೆಯುವಳು.

ಜಾಹೀರಾತನ್ನು ಹಿಂದೆಗೆಯಬಹುದು, ಡಬ್ಬಿಯ ಹೆಸರನ್ನು ಬದಲಿಸಬಹುದು. ಆ ಹುಡುಗಿಯ ಮನಸ್ಸಿನಲ್ಲಿ ಬೇರೂರಿದ ಕಥೆಯನ್ನು ಕೀಳುವ ಉಪಾಯ ಯಾವ ಕಂಪನಿಯಲ್ಲಿಯೂ ಇಲ್ಲ. ಆದುದರಿಂದ ಕಥೆ ನೆನಪಿನಲ್ಲಿ ನಿಲ್ಲುವುದೆ ಎಂದು ಕೇಳುವ ಮೊದಲು, ಅದು ಸರಕಿನ ಯಾವ ಗುಣವನ್ನು ಹೇಳುವುದೆಂದು ಕೇಳತಕ್ಕದ್ದು.